ಒಂಬತ್ತು ತಂಡ, ಹದಿನೇಳು ವರ್ಷ: ಸೋತವರನ್ನೇ ಮತ್ತೆ ಮತ್ತೆ ಕರೆಯುವುದೇಕೆ?

ಪ್ರಶ್ನೆ: ಮಗಳ ಮನೆಗೆಂದು ನ್ಯೂಜೆರ್ಸಿಗೆ ಬಂದಿದ್ದೇನೆ. ಭಾನುವಾರ ಅಳಿಯನ ಜೊತೆ ಕುಳಿತು ಅಮೆರಿಕನ್ ಫುಟ್‌ಬಾಲ್ ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಅಳಿಯ ನ್ಯೂಯಾರ್ಕ್ ಜೆಟ್ಸ್ ಅಭಿಮಾನಿ. ರಯಾನ್ ಫಿಟ್ಜ್‌ಪ್ಯಾಟ್ರಿಕ್ ಎಂಬ ಹಳೆಯ ಆಟಗಾರನ 14ನೇ ಸಂಖ್ಯೆಯ ಜೆರ್ಸಿಯನ್ನು ಈಗಲೂ ತೊಡುತ್ತಾನೆ. ಆ ಆಟಗಾರ ಒಂಬತ್ತು ತಂಡಗಳಲ್ಲಿ ಆಡಿದ ‘ಜರ್ನಿಮ್ಯಾನ್’, ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು, ಒಂದೇ ಒಂದು ಪ್ಲೇಆಫ್ ಪಂದ್ಯವನ್ನೂ ಆಡಿಲ್ಲ ಎಂದು ಅವನೇ ಹೇಳುತ್ತಾನೆ. ಹಾಗಾದರೆ ತಂಡಗಳು ಆತನನ್ನು ಹದಿನೇಳು ವರ್ಷ ಕರೆಕರೆದು ದುಡ್ಡು ಕೊಟ್ಟದ್ದೇಕೆ? ಇಷ್ಟೊಂದು ಅಲೆದಾಟದಲ್ಲಿ ಇಂಥ ಆಟಗಾರರ ಬದುಕು ಹೇಗೆ ನಡೆಯುತ್ತದೆ? ಆತನ ಆಟದಲ್ಲಿ ನೋಡಲೇಬೇಕಾದ ಪಂದ್ಯ ಒಂದಿದ್ದರೆ ಅದನ್ನೂ ತಿಳಿಸಿ.

ಉತ್ತರ: ನಿಮ್ಮ ಅಳಿಯಂದಿರು ಹೇಳಿದ್ದರಲ್ಲಿ ತಪ್ಪಿಲ್ಲ. 2005ರಿಂದ 2021ರವರೆಗೆ ಫಿಟ್ಜ್‌ಪ್ಯಾಟ್ರಿಕ್ ಆರಂಭಿಕ ಕ್ವಾರ್ಟರ್‌ಬ್ಯಾಕ್ (ದಾಳಿಯ ಸೂತ್ರಧಾರ) ಆಗಿ ಕಣಕ್ಕಿಳಿದದ್ದು 147 ಪಂದ್ಯಗಳಲ್ಲಿ. ಗೆಲುವು 59, ಸೋಲು 87, ಒಂದು ಸಮ. ಆ ಸಮದ ಪಂದ್ಯಕ್ಕೂ ಒಂದು ಕಥೆಯಿದೆ. 2008ರ ನವೆಂಬರಿನಲ್ಲಿ ಸಿನ್ಸಿನಾಟಿ ಮತ್ತು ಫಿಲಡೆಲ್ಫಿಯಾ ತಂಡಗಳು 13-13ಕ್ಕೆ ನಿಂತವು. ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗಾದ ಎನ್‌ಎಫ್‌ಎಲ್‌ನಲ್ಲಿ ಪಂದ್ಯ ಸಮವಾಗಿಯೂ ಮುಗಿಯಬಹುದು ಎಂಬುದೇ ತಮಗೆ ಗೊತ್ತಿರಲಿಲ್ಲ ಎಂದು ಎದುರಾಳಿ ತಂಡದ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಡೊನೊವನ್ ಮೆಕ್‌ನ್ಯಾಬ್ ಆಮೇಲೆ ಹೇಳಿ ನಗೆಪಾಟಲಿಗೀಡಾದರು.

ನಿಮ್ಮ ಪ್ರಶ್ನೆಯೊಳಗೆ ಒಂದು ನಂಬಿಕೆ ಅಡಗಿದೆ, ತಂಡ ದುಡ್ಡು ಕೊಡುವುದು ಗೆಲುವಿಗೆ ಎಂದು. ತಾರಾ ಆಟಗಾರರ ಮಟ್ಟಿಗೆ ಅದು ನಿಜ. ಫಿಟ್ಜ್‌ಪ್ಯಾಟ್ರಿಕ್ ಅವರಂಥವರಿಂದ ತಂಡಗಳು ಕೊಳ್ಳುವುದು ಕಾಲಾವಕಾಶವನ್ನು. ಇದು ಅರ್ಥವಾಗಬೇಕಾದರೆ ಆ ಲೀಗಿನ ಲೆಕ್ಕಾಚಾರ ಸ್ವಲ್ಪ ತಿಳಿದಿರಬೇಕು.

ಎನ್‌ಎಫ್‌ಎಲ್‌ನಲ್ಲಿ ಇರುವುದು 32 ತಂಡ. ಪ್ರತಿ ತಂಡ ಆಟಗಾರರಿಗೆ ಖರ್ಚು ಮಾಡಬಹುದಾದ ಒಟ್ಟು ಹಣಕ್ಕೆ 1994ರಿಂದ ಮಿತಿಯಿದೆ. 2024ರಲ್ಲಿ ಅದು 25 ಕೋಟಿ 54 ಲಕ್ಷ ಡಾಲರ್. ಈ ಮೊತ್ತದಲ್ಲಿ 53 ಜನರ ತಂಡ ಕಟ್ಟಬೇಕು. ಅವರಲ್ಲಿ ಎಲ್ಲರಿಗಿಂತ ದುಬಾರಿ ಕ್ವಾರ್ಟರ್‌ಬ್ಯಾಕ್, ಅಂದರೆ ಪ್ರತಿ ದಾಳಿಯಲ್ಲೂ ಚೆಂಡು ಮೊದಲು ಯಾರ ಕೈಗೆ ಬರುತ್ತದೆಯೋ, ಅದನ್ನು ಯಾರಿಗೆ ಎಸೆಯಬೇಕೆಂದು ಎರಡು ಮೂರು ಸೆಕೆಂಡುಗಳಲ್ಲಿ ಯಾರು ತೀರ್ಮಾನಿಸಬೇಕೋ ಆತ. ಒಳ್ಳೆಯ ಕ್ವಾರ್ಟರ್‌ಬ್ಯಾಕ್‌ಗೆ ಈಗ ವರ್ಷಕ್ಕೆ ಐದು ಕೋಟಿ ಡಾಲರ್ ಮೀರಿ ಕೊಡುತ್ತಾರೆ. ಕಾಲೇಜಿನಿಂದ ಡ್ರಾಫ್ಟ್ ಮೂಲಕ (ವರ್ಷಕ್ಕೊಮ್ಮೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವುದು; ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ) ಬರುವ ಹುಡುಗನ ಸಂಬಳವಾದರೋ ಲೀಗ್ ಮತ್ತು ಆಟಗಾರರ ಸಂಘದ 2011ರ ಒಪ್ಪಂದದ ನಂತರ ಮೊದಲೇ ನಿಗದಿಯಾಗಿರುತ್ತದೆ, ನಾಲ್ಕು ವರ್ಷ ಅಗ್ಗಕ್ಕೆ ಸಿಗುತ್ತಾನೆ. ಹಾಗಾಗಿ ತಾರೆಯಿಲ್ಲದ ತಂಡದ ಆಸೆಯೆಲ್ಲ ಡ್ರಾಫ್ಟಿನ ಮೇಲೆ. ಆ ಹುಡುಗ ಸಿಗುವವರೆಗೆ, ಸಿಕ್ಕ ಮೇಲೆ ಅವನು ಪಳಗುವವರೆಗೆ, ಇಲ್ಲವೇ ಇದ್ದವನ ಮೂಳೆ ಮುರಿದಾಗ, ಪಂದ್ಯಗಳನ್ನು ಯಾರಾದರೂ ಆಡಲೇಬೇಕಲ್ಲ? ತೀರಾ ನಗೆಗೀಡಾಗದಂತೆ, ಉಳಿದ 52 ಜನರ ಉತ್ಸಾಹ ಕುಂದದಂತೆ ಆಡಬೇಕು; ಹೊಸಬ ಬಂದ ದಿನ ಮುಖ ಸಿಂಡರಿಸದೆ ಜಾಗ ಬಿಡಬೇಕು. ಈ ಕೆಲಸಕ್ಕೆ ಒಗ್ಗುವವರು ಅಮೆರಿಕದಂಥ ದೊಡ್ಡ ದೇಶದಲ್ಲಿಯೂ ಬೆರಳೆಣಿಕೆಯಷ್ಟೇ.

ಸೋಲಿನ ಲೆಕ್ಕವನ್ನು ಓದಬೇಕಾದದ್ದು ಇಲ್ಲಿಂದ. ಚೆನ್ನಾಗಿ ನಡೆಯುತ್ತಿರುವ ತಂಡ ಇಂಥವರನ್ನು ಕರೆದು ಆಡಿಸುವುದಿಲ್ಲ, ಬೆಂಚಿನ ಮೇಲೆ ಕೂರಿಸುತ್ತದೆ. ಆಡಿಸುವುದು ಕೆಟ್ಟು ಕೂತ ತಂಡ. ಫಿಟ್ಜ್‌ಪ್ಯಾಟ್ರಿಕ್ ಅವರ 87 ಸೋಲುಗಳಲ್ಲಿ 33 ಬಫಲೊ ಬಿಲ್ಸ್ ತಂಡದವು. ಆ ತಂಡ 2000ದಿಂದ 2016ರವರೆಗಿನ ಋತುಗಳಲ್ಲಿ ಯಾವ ಕ್ವಾರ್ಟರ್‌ಬ್ಯಾಕ್ ಬಂದರೂ ಪ್ಲೇಆಫ್ ಕಡೆಗೆ ತಲೆಹಾಕಲಿಲ್ಲ.

ಅವರು ಬಂದ ದಾರಿಯೂ ವಿಚಿತ್ರವೇ. ಅರಿಜೋನಾದ ಗಿಲ್ಬರ್ಟ್ ಎಂಬ ಊರಿನ ಹುಡುಗ, ಹಾರ್ವರ್ಡ್‌ನಲ್ಲಿ ಅರ್ಥಶಾಸ್ತ್ರ ಓದಿದವರು. ಹಾರ್ವರ್ಡ್‌ನಿಂದ ಬ್ಯಾಂಕಿಗೆ ಹೋಗುತ್ತಾರೆ, ನ್ಯಾಯಾಲಯಕ್ಕೆ ಹೋಗುತ್ತಾರೆ. ಎನ್‌ಎಫ್‌ಎಲ್‌ಗೆ ಹೋಗುವುದು ಅಪರೂಪ. 2005ರ ಡ್ರಾಫ್ಟಿನಲ್ಲಿ ಆಯ್ಕೆಯಾದದ್ದು 255 ಜನ. ಸೇಂಟ್ ಲೂಯಿಸ್ ರ‍್ಯಾಮ್ಸ್ ಇವರ ಹೆಸರನ್ನು ಕೂಗಿದಾಗ ಎಣಿಕೆ 250ಕ್ಕೆ ಬಂದಿತ್ತು. ಆ ವರ್ಷ ನವೆಂಬರ್ 27ರಂದು ಹ್ಯೂಸ್ಟನ್‌ನಲ್ಲಿ ತಂಡದ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳೂ ಗಾಯಾಳುಗಳಾಗಿ, ಮೂರನೆಯವರಾದ ಇವರನ್ನು ಇಳಿಸಬೇಕಾಯಿತು. ವಿರಾಮದ ಹೊತ್ತಿಗೆ 24-3ರಿಂದ ಹಿಂದಿದ್ದ ರ‍್ಯಾಮ್ಸ್ ಹೆಚ್ಚುವರಿ ಅವಧಿಯಲ್ಲಿ 33-27ರಿಂದ ಗೆದ್ದಿತು. ಇವರು 310 ಯಾರ್ಡ್ ಎಸೆದು ಮೂರು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಗಳಿಸುವ ಆರು ಅಂಕ) ಕೊಡಿಸಿದರು. ಮೊದಲ ಪಂದ್ಯದಲ್ಲಿಯೇ ಇಂಥ ಆಟ! ಮುಂದಿನ ಮೂರು ಪಂದ್ಯಗಳಲ್ಲಿ ಅವರನ್ನೇ ಆರಂಭದಿಂದ ಆಡಿಸಿದರು. ಮೂರೂ ಸೋಲು, ಮತ್ತೆ ಬೆಂಚು. ಹದಿನೇಳು ವರ್ಷದ ಕಥೆಯೆಲ್ಲ ಆ ಒಂದು ತಿಂಗಳಲ್ಲಿಯೇ ಇತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ಎರಡು ವರ್ಷದ ಬಳಿಕ ರ‍್ಯಾಮ್ಸ್ ಇವರನ್ನು ಸಿನ್ಸಿನಾಟಿಗೆ ಕೊಟ್ಟು, ಬದಲಿಗೆ ಪಡೆದದ್ದು ಏಳನೇ ಸುತ್ತಿನ ಒಂದು ಆಯ್ಕೆಯ ಹಕ್ಕು. ಡ್ರಾಫ್ಟ್ ಇರುವುದೇ ಏಳು ಸುತ್ತು, ಅದಕ್ಕಿಂತ ಕಡಿಮೆ ಬೆಲೆ ಕಟ್ಟಲು ಬರುವುದಿಲ್ಲ. 2009ರಲ್ಲಿ ಬಫಲೊ. ಅಲ್ಲಿ ನಾಲ್ಕು ವರ್ಷ ನಿಂತರು. 2011ರಲ್ಲಿ ಆ ಕಾಲದ ಅತಿ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಅವರ ಪೇಟ್ರಿಯಟ್ಸ್ ತಂಡವನ್ನು 34-31ರಿಂದ ಸೋಲಿಸಿದ ಮರುತಿಂಗಳು ತಂಡ ಆರು ವರ್ಷಕ್ಕೆ 5 ಕೋಟಿ 90 ಲಕ್ಷ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿಸಿತು. ಕೇಳಿದವರು ಇನ್ನೇನು ನೆಲೆ ಸಿಕ್ಕಿತು ಎಂದುಕೊಂಡರು. 5 ಗೆಲುವು, 2 ಸೋಲು ಎಂದಿದ್ದ ತಂಡ ಆಮೇಲೆ ಸತತ ಏಳು ಪಂದ್ಯ ಸೋತಿತು. 2013ರ ಮಾರ್ಚಿನಲ್ಲಿ ಅವರನ್ನು ಕೈಬಿಟ್ಟರು.

ಆರು ವರ್ಷದ ಒಪ್ಪಂದವನ್ನು ಎರಡೇ ವರ್ಷಕ್ಕೆ ಮುರಿಯಬಹುದೇ ಎಂದು ನೀವು ಕೇಳಬಹುದು. ಖಂಡಿತ ಮುರಿಯಬಹುದು. ಎನ್‌ಎಫ್‌ಎಲ್ ಒಪ್ಪಂದದ ದೊಡ್ಡ ಮೊತ್ತ ಪತ್ರಿಕೆಯ ತಲೆಬರಹಕ್ಕೆ. ಆಟಗಾರನ ಕೈಗೆ ಖಾತ್ರಿಯಾಗಿ ಬರುವುದು ಅದರಲ್ಲೊಂದು ಭಾಗ ಮಾತ್ರ. ಈ ಒಪ್ಪಂದದಲ್ಲಿ ಖಾತ್ರಿಯಿದ್ದದ್ದು 2 ಕೋಟಿ 40 ಲಕ್ಷ. ಬೇಡವಾದ ದಿನ ತಂಡ ಬಾಗಿಲು ತೋರಿಸಬಹುದು, ಆಟಗಾರ ಮಾತ್ರ ಬಿಟ್ಟು ಹೋಗುವಂತಿಲ್ಲ. ಅಲೆದಾಡುವ ಆಟಗಾರರನ್ನು ಹುಟ್ಟಿಸುವುದು ಈ ಏಕಪಕ್ಷೀಯ ಕಟ್ಟಳೆಯೇ. ನಮ್ಮ ಕಡೆಯ ಉದಾಹರಣೆ ಬೇಕೆಂದರೆ ಆರನ್ ಫಿಂಚ್ ಐಪಿಎಲ್‌ನಲ್ಲಿ ಬೆಂಗಳೂರೂ ಸೇರಿದಂತೆ ಒಂಬತ್ತು ತಂಡಗಳಿಗೆ ಆಡಿದ್ದಾರೆ. ಆದರೆ ಅವರಿಗೆ ಐಪಿಎಲ್ ವರ್ಷದಲ್ಲಿ ಎರಡು ತಿಂಗಳ ಮಾತು, ಹಿಂದೆ ಆಸ್ಟ್ರೇಲಿಯಾ ತಂಡವಿತ್ತು. ಫಿಟ್ಜ್‌ಪ್ಯಾಟ್ರಿಕ್‌ಗೆ ಹೊಟ್ಟೆಪಾಡೆಲ್ಲ ಇದೊಂದೇ ಲೀಗಿನಲ್ಲಿ.

2013ರಲ್ಲಿ ಟೆನ್ನೆಸಿ, 2014ರಲ್ಲಿ ಹ್ಯೂಸ್ಟನ್. ಹ್ಯೂಸ್ಟನ್‌ನಲ್ಲಿದ್ದಾಗ ಹಿಂದಿನ ವರ್ಷ ತಮ್ಮನ್ನು ಆಡಿಸಿದ್ದ ಟೆನ್ನೆಸಿಯ ವಿರುದ್ಧವೇ ಒಂದು ಪಂದ್ಯದಲ್ಲಿ ಆರು ಟಚ್‌ಡೌನ್ ಎಸೆದರು. ಎರಡು ವಾರದ ನಂತರ ಕಾಲು ಮುರಿಯಿತು. ಆಗ ನಿಮ್ಮ ಅಳಿಯಂದಿರ ಜೆಟ್ಸ್ ಇವರನ್ನು ಕರೆಸಿಕೊಂಡಿತು. ಕಾರಣ ಚಾನ್ ಗೇಲಿ. ಗೇಲಿ ಬಫಲೊದಲ್ಲಿ ಇವರ ಮುಖ್ಯ ಕೋಚ್. 2015ರಲ್ಲಿ ಜೆಟ್ಸ್‌ನ ದಾಳಿ ವಿಭಾಗದ ಹೊಣೆ ಹೊತ್ತರು. 2020ರಲ್ಲಿ ಮಯಾಮಿಯಲ್ಲಿಯೂ ಅದೇ ಹೊಣೆ ಹೊತ್ತು ಸಿಕ್ಕರು. ಅಲೆದಾಡುವ ಆಟಗಾರನ ನಕ್ಷೆ ಗೊತ್ತಾಗಬೇಕಾದರೆ ತಂಡಗಳ ಹೆಸರನ್ನಲ್ಲ, ಕೋಚ್‌ಗಳ ವರ್ಗಾವಣೆಯನ್ನು ನೋಡಬೇಕು. ಹೊಸ ಊರಿಗೆ ಹೋದ ಕೋಚ್‌ಗೆ ತನ್ನ ಪದ್ಧತಿಯನ್ನು ಬಲ್ಲ ಒಬ್ಬ ಮನುಷ್ಯ ಬೇಕು, ಉಳಿದವರಿಗೆ ಅಂಗಳದಲ್ಲಿ ನಿಂತು ತೋರಿಸಿಕೊಡಲು.

ಜೆಟ್ಸ್‌ನಲ್ಲಿ ಅವರಿಗೆ ಜಾಗ ಸಿಕ್ಕ ಬಗೆ ಕೇಳಿದರೆ ನೀವು ನಂಬಲಿಕ್ಕಿಲ್ಲ. 2015ರ ಆಗಸ್ಟಿನಲ್ಲಿ ಡ್ರೆಸ್ಸಿಂಗ್ ಕೊಠಡಿಯಲ್ಲಿ ಸಹ ಆಟಗಾರನೊಬ್ಬ ಆರಂಭಿಕ ಕ್ವಾರ್ಟರ್‌ಬ್ಯಾಕ್ ಜೀನೊ ಸ್ಮಿತ್ ಅವರ ದವಡೆ ಮುರಿಯುವಂತೆ ಗುದ್ದಿದ. ಬೆಂಚಿನಲ್ಲಿದ್ದ ಫಿಟ್ಜ್‌ಪ್ಯಾಟ್ರಿಕ್ ಒಳಗೆ ಬಂದು 31 ಟಚ್‌ಡೌನ್ ಎಸೆದರು. ಹಳೆಯ ತಾರೆ ಜೋ ನೇಮತ್ ಆಡಿದ ಆ ತಂಡದಲ್ಲಿ ಅಲ್ಲಿಯವರೆಗೆ ಒಂದು ಋತುವಿನಲ್ಲಿ ಯಾರೂ ಅಷ್ಟು ಎಸೆದಿರಲಿಲ್ಲ. 10 ಗೆಲುವು, 5 ಸೋಲು. ಕೊನೆಯ ಪಂದ್ಯ ಗೆದ್ದರೆ ಪ್ಲೇಆಫ್. ಎದುರಾಳಿ ಅವರ ಹಳೆಯ ಬಫಲೊ, ಅದೂ ಬಫಲೊದ ಅಂಗಳದಲ್ಲಿ. ಕೊನೆಯ ಕಾಲು ಭಾಗದಲ್ಲಿ ಮೂರು ಬಾರಿ ಚೆಂಡನ್ನು ಎದುರಾಳಿಯ ಕೈಗೇ ಎಸೆದರು. 22-17, ಮುಗಿಯಿತು.

ಇದನ್ನು ದುರದೃಷ್ಟ ಎಂದು ತೇಲಿಸಲು ನನಗೆ ಮನಸ್ಸಿಲ್ಲ. ಕೆಟ್ಟ ತಂಡಗಳು ಅವರ ಸೋಲಿಗೆ ಅರ್ಧ ಕಾರಣ, ಇನ್ನರ್ಧ ಅವರದೇ ಕೈ. ವೃತ್ತಿಯುದ್ದಕ್ಕೂ 223 ಟಚ್‌ಡೌನ್‌ಗಳಿಗೆ ಎದುರಾಗಿ 169 ಇಂಟರ್‌ಸೆಪ್ಷನ್ (ಎದುರಾಳಿಯ ಕೈಸೇರಿದ ಎಸೆತ) ಇವೆ. ತೋಳಿನ ಬಲ ಮೊದಲ ದರ್ಜೆಯದಲ್ಲ. ಇಬ್ಬರು ರಕ್ಷಕರ ನಡುವಿನ ಕಿರಿದಾದ ಸಂದಿಯಲ್ಲಿ ಚೆಂಡು ತೂರಿಸುವ ಛಾತಿ ಮಾತ್ರ ಮೊದಲ ದರ್ಜೆಯದು. ತಾಗಿದ ದಿನ ಅದನ್ನು ಮಾಂತ್ರಿಕತೆ ಎಂದರು. ‘ಫಿಟ್ಜ್‌ಮ್ಯಾಜಿಕ್’ ಎಂಬ ಅಡ್ಡಹೆಸರು ಹುಟ್ಟಿದ್ದು ಹಾಗೆ. ತಾಗದ ದಿನ 2016ರ ಸೆಪ್ಟೆಂಬರಿನಲ್ಲಿ ಕನ್ಸಾಸ್ ಸಿಟಿಯಲ್ಲಿ ಆದಂತೆ ಒಂದೇ ಪಂದ್ಯದಲ್ಲಿ ಆರು ಇಂಟರ್‌ಸೆಪ್ಷನ್. ಯಾವುದೇ ತಂಡ ಅವರನ್ನು ಹತ್ತು ವರ್ಷಕ್ಕೆ ನೆಚ್ಚಿಕೊಳ್ಳದಿದ್ದುದಕ್ಕೂ, ಒಂದು ವರ್ಷಕ್ಕೆ ಬೇಕೆಂದುಕೊಂಡದ್ದಕ್ಕೂ ಕಾರಣ ಆ ಒಂದೇ ಗುಣ. ಹೆದರಿ ಆಡುವ ಬದಲಿ ಆಟಗಾರರು ಬೇಕಾದಷ್ಟು ಸಿಗುತ್ತಾರೆ. ಅವರು ಕಡಿಮೆ ತಪ್ಪು ಮಾಡುತ್ತಾರೆ, ಆದರೆ ಗೆಲ್ಲಿಸುವುದಿಲ್ಲ, ಪ್ರೇಕ್ಷಕರನ್ನು ಆಕಳಿಸುವಂತೆ ಮಾಡುತ್ತಾರೆ.

2018ರ ಟ್ಯಾಂಪಾ ಬೇ ಅದಕ್ಕೆ ಸಾಕ್ಷಿ. ಖಾಯಂ ಕ್ವಾರ್ಟರ್‌ಬ್ಯಾಕ್ ಮೂರು ಪಂದ್ಯ ಅಮಾನತಾಗಿದ್ದರಿಂದ 35 ವರ್ಷದ ಫಿಟ್ಜ್‌ಪ್ಯಾಟ್ರಿಕ್ ಇಳಿದರು. 417, 402, 411: ಸತತ ಮೂರು ಪಂದ್ಯಗಳಲ್ಲಿ ನಾನೂರು ಯಾರ್ಡ್ ದಾಟಿದವರು ಎನ್‌ಎಫ್‌ಎಲ್ ಇತಿಹಾಸದಲ್ಲಿ ಅದಕ್ಕೆ ಮೊದಲು ಯಾರೂ ಇರಲಿಲ್ಲ. ಎರಡನೆಯ ಪಂದ್ಯ ಮುಗಿಸಿ ಸಹ ಆಟಗಾರ ಡಿಶಾನ್ ಜಾಕ್ಸನ್ ಅವರ ಬಟ್ಟೆ, ಚಿನ್ನದ ಸರ, ಕಪ್ಪು ಕನ್ನಡಕ ತೊಟ್ಟು, ಎದೆ ತೆರೆದುಕೊಂಡು, ಗಡ್ಡ ನೀವುತ್ತ ಪತ್ರಕರ್ತರ ಎದುರು ಕುಳಿತರು. ನಾಲ್ಕನೆಯ ಪಂದ್ಯದಲ್ಲಿ ಶಿಕಾಗೊ 48-10ರಿಂದ ಬಡಿಯಿತು. ವಿರಾಮದ ನಂತರ ಇವರು ಮತ್ತೆ ಬೆಂಚಿನಲ್ಲಿದ್ದರು.

ನನ್ನ ಲೆಕ್ಕದಲ್ಲಿ ಅವರ ವೃತ್ತಿಯ ಸಾರವಿರುವುದು 2019ರ ಮಯಾಮಿಯಲ್ಲಿ, ಅಂಕಿಪಟ್ಟಿಯಲ್ಲಿ ಅದು ಹೊಳೆಯದಿದ್ದರೂ. ಡಾಲ್ಫಿನ್ಸ್ ಆ ವರ್ಷ ಒಳ್ಳೆಯ ಆಟಗಾರರನ್ನು ಒಬ್ಬೊಬ್ಬರಾಗಿ ಮಾರಿಕೊಂಡಿತ್ತು. ಬೇಕೆಂದೇ ಸೋತು ಮುಂದಿನ ಡ್ರಾಫ್ಟಿನಲ್ಲಿ ಮೊದಲ ಸಾಲಿನ ಕ್ವಾರ್ಟರ್‌ಬ್ಯಾಕ್ ಹಿಡಿಯುವ ಹವಣಿಕೆ ಎಂದು ಊರೆಲ್ಲ ಮಾತು. ಮೊದಲ ಏಳು ಪಂದ್ಯ ಸೋತಿತು ಕೂಡ. ಆಮೇಲೆ ಈ 37ರ ಮನುಷ್ಯ ಒಂಬತ್ತರಲ್ಲಿ ಐದು ಗೆಲ್ಲಿಸಿದರು. ಚೆಂಡು ಹಿಡಿದು ಓಡುವುದು ಬೇರೆಯವರ ಕೆಲಸ. ಆ ವರ್ಷ ತಂಡದಲ್ಲಿ ಅತಿ ಹೆಚ್ಚು ಓಡಿದವರೂ ಇವರೇ, 243 ಯಾರ್ಡ್. ಕೊನೆಯ ದಿನ ಪೇಟ್ರಿಯಟ್ಸ್ ತಂಡವನ್ನು ಅದರ ಅಂಗಳದಲ್ಲಿಯೇ 27-24ರಿಂದ ಸೋಲಿಸಿ, ಬ್ರೇಡಿ ಅವರ ತಂಡಕ್ಕೆ ಪ್ಲೇಆಫ್‌ನಲ್ಲಿ ಸಿಗಬೇಕಿದ್ದ ಮೊದಲ ಸುತ್ತಿನ ಬಿಡುವನ್ನೂ ತಪ್ಪಿಸಿದರು. ಇಷ್ಟಾದರೂ ಮಯಾಮಿಗೆ ಐದನೇ ಆಯ್ಕೆ ಸಿಕ್ಕಿತು, ಅದರಲ್ಲಿ ಟುವಾ ಟಾಗೊವೈಲೋವಾ ಬಂದರು. ಮರುವರ್ಷ ಆರು ಪಂದ್ಯಗಳಲ್ಲಿ ಮೂರು ಗೆದ್ದು, ಆಟ ಹಿಡಿತಕ್ಕೆ ಬಂದಿದ್ದಾಗಲೇ ಫಿಟ್ಜ್‌ಪ್ಯಾಟ್ರಿಕ್ ಅವರನ್ನು ಇಳಿಸಿ ಟುವಾ ಅವರಿಗೆ ಜಾಗ ಕೊಟ್ಟರು. ತಮಗೆ ಎದೆಯೊಡೆದಂತಾಗಿದೆ ಎಂದು ಅವರು ಪತ್ರಕರ್ತರ ಎದುರೇ ಹೇಳಿದರು. ಹೇಳಿ, ಹುಡುಗನಿಗೆ ಪಾಠ ಹೇಳಿಕೊಡಲು ಹೋದರು.

ಇನ್ನು ಬದುಕಿನ ಪ್ರಶ್ನೆ. ಅಲೆದಾಡುವವರಲ್ಲಿ ಫಿಟ್ಜ್‌ಪ್ಯಾಟ್ರಿಕ್ ಶ್ರೀಮಂತರು. ಒಟ್ಟು ಗಳಿಕೆ ಎಂಟು ಕೋಟಿ ಡಾಲರ್ ಮೀರುತ್ತದೆ ಎಂಬುದು ಅಂದಾಜು. ಆ ವೃತ್ತಿಯ ನಿಜವಾದ ಕಷ್ಟ ನೋಡಬೇಕೆಂದರೆ ಜೋಶ್ ಜಾನ್ಸನ್ ಅವರನ್ನು ನೋಡಿ. 2008ರಲ್ಲಿ ಟ್ಯಾಂಪಾ ಬೇಯಿಂದ ಶುರುಮಾಡಿ ಹದಿನಾಲ್ಕು ಎನ್‌ಎಫ್‌ಎಲ್ ತಂಡಗಳ ಪಟ್ಟಿಯಲ್ಲಿ ಹೆಸರು ಬರೆಸಿದವರು, ಬೇರೆ ಯಾರೂ ಅಷ್ಟು ತಂಡ ಕಂಡಿಲ್ಲ. ನಡುನಡುವೆ ಸಣ್ಣಪುಟ್ಟ ಲೀಗುಗಳಲ್ಲೂ ಆಡಿದರು. 2018ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ತಂಡದ ಕ್ವಾರ್ಟರ್‌ಬ್ಯಾಕ್‌ಗಳು ಒಬ್ಬರ ಹಿಂದೊಬ್ಬರು ಗಾಯಗೊಂಡಾಗ ಇವರಿಗೆ ಕರೆ ಹೋಯಿತು. ಜೊತೆಯಲ್ಲಿ ಆಡಬೇಕಾದವರ ಹೆಸರು ಗೊತ್ತಿಲ್ಲದೆ ಮ್ಯಾಡನ್ ಎಂಬ ವಿಡಿಯೊ ಗೇಮಿನಲ್ಲಿ ಆ ತಂಡವನ್ನು ಆಡಿಸಿ ಕಲಿತುಕೊಂಡರು. ಆ ತಿಂಗಳ 16ರಂದು ಜಾಕ್ಸನ್‌ವಿಲ್ ವಿರುದ್ಧ 16-13ರಿಂದ ಗೆದ್ದರು. ಆರಂಭಿಕ ಆಟಗಾರರಾಗಿ ಅವರ ಮೊದಲ ಗೆಲುವು ಅದು, ಲೀಗಿಗೆ ಬಂದು ಹತ್ತು ವರ್ಷ ಕಳೆದ ಮೇಲೆ.

ಕೆಲಸದ ಬಗೆ ಹೀಗೆ. ಬೇಸಿಗೆಯ ಶಿಬಿರಕ್ಕೆ 90 ಜನರನ್ನು ಕರೆದು ಆಗಸ್ಟ್ ಕೊನೆಯಲ್ಲಿ 53ಕ್ಕೆ ಇಳಿಸುತ್ತಾರೆ. ಹೊರಬಿದ್ದವರಲ್ಲಿ ಹದಿನಾರು ಜನರನ್ನು ಪ್ರಾಕ್ಟೀಸ್ ಸ್ಕ್ವಾಡ್ ಎಂಬ ಅಭ್ಯಾಸದ ಪಡೆಯಲ್ಲಿ ಇಟ್ಟುಕೊಳ್ಳಬಹುದು. ಅಲ್ಲಿ ಸಂಬಳ ವಾರದ ಲೆಕ್ಕ, 2024ರಲ್ಲಿ ಹೊಸಬರಿಗೆ ವಾರಕ್ಕೆ 12,500 ಡಾಲರ್. ಕೇಳಲು ದೊಡ್ಡ ಮೊತ್ತ, ಆದರೆ ಮುಂದಿನ ವಾರ ಇರುತ್ತದೆಂಬ ಭರವಸೆಯಿಲ್ಲ. ಉಳಿದವರು ಮನೆಯಲ್ಲಿ ಮೈ ಹುರಿಗೊಳಿಸಿಕೊಂಡು ಫೋನಿಗೆ ಕಾಯುತ್ತಾರೆ. ಭಾನುವಾರ ಯಾರಿಗೋ ಪೆಟ್ಟಾದರೆ ಮಂಗಳವಾರ ಪರೀಕ್ಷೆಗೆ ಕರೆ ಬರುತ್ತದೆ. ನಿಮ್ಮ ಭಾನುವಾರಗಳಲ್ಲಿ ಗಾಯಾಳುವನ್ನು ಗಾಡಿಯ ಮೇಲೆ ಹೊರಗೆ ಕರೆದೊಯ್ಯುವುದನ್ನು ನೋಡಿದ್ದೀರಲ್ಲ? ಆ ಹೊತ್ತಿಗೆ ದೇಶದ ಮತ್ತೊಂದು ಮೂಲೆಯಲ್ಲಿ ಯಾರೋ ಸೂಟ್‌ಕೇಸ್ ತೆಗೆಯುತ್ತಿರುತ್ತಾರೆ. ಹೆಚ್ಚಿನವರು ಕ್ವಾರ್ಟರ್‌ಬ್ಯಾಕ್‌ಗಳಲ್ಲ, ಹೆಸರೇ ಕೇಳಿರದ ರಕ್ಷಕರು, ಒದೆಯುವವರು.

ಕ್ವಾರ್ಟರ್‌ಬ್ಯಾಕ್‌ಗೆ ಇನ್ನೊಂದು ತಾಪತ್ರಯ. ಒಂದೇ ತಂತ್ರಕ್ಕೆ ಪ್ರತಿ ತಂಡದಲ್ಲೂ ಬೇರೆ ಹೆಸರು. ಒಂದೆಡೆ ಓಟದ ದಾರಿಗಳಿಗೆ ಅಂಕಿ, ಇನ್ನೊಂದೆಡೆ ಉದ್ದುದ್ದ ಪದಗಳ ಸರಮಾಲೆ. ಕೋಚ್ ಹೆಲ್ಮೆಟ್ಟಿನೊಳಗಿನ ರೇಡಿಯೊದಲ್ಲಿ ಅದನ್ನು ಹೇಳುತ್ತಾರೆ, ದಾಳಿ ಶುರುಮಾಡಲು ಕೊಟ್ಟ ಸಮಯದಲ್ಲಿ 15 ಸೆಕೆಂಡ್ ಉಳಿದಾಗ ರೇಡಿಯೊ ಕಡಿದುಹೋಗುತ್ತದೆ. ಅಷ್ಟರಲ್ಲಿ ಕೇಳಿಸಿಕೊಂಡು, ಹತ್ತು ಜನರಿಗೆ ತಡವರಿಸದೆ ಹೇಳಬೇಕು. ಬದಲಿ ಆಟಗಾರನಿಗೆ ಇದನ್ನು ಅಭ್ಯಾಸ ಮಾಡಲು ಸಮಯವೂ ಸಿಗುವುದಿಲ್ಲ, ವಾರದ ಅಭ್ಯಾಸವೆಲ್ಲ ಮೊದಲನೆಯವನಿಗೆ ಮೀಸಲು. ಬದಲಿಯವನು ಮುಂದಿನ ಎದುರಾಳಿಯ ಕ್ವಾರ್ಟರ್‌ಬ್ಯಾಕ್‌ನ ವೇಷ ಹಾಕಿ ತನ್ನ ತಂಡದ ರಕ್ಷಕರಿಗೆ ತರಬೇತಿ ಕೊಡುತ್ತಿರುತ್ತಾನೆ.

ಇಂಥವರು ಕೊನೆಗೆ ಕೋಚ್‌ಗಳಾಗುವುದು ಹೆಚ್ಚು, ಅದರಲ್ಲಿ ಆಶ್ಚರ್ಯವೂ ಇಲ್ಲ. ಜೋಶ್ ಮೆಕೌನ್ ಎಂಬವರು ಹೀಗೆಯೇ ಅಲೆದು, ನಡುವೆ ಉತ್ತರ ಕೆರೊಲಿನಾದಲ್ಲಿ ಪ್ರೌಢಶಾಲೆಯ ಹುಡುಗರಿಗೆ ಆಟ ಕಲಿಸಿ, ಮತ್ತೆ ಲೀಗಿಗೆ ಮರಳಿದವರು. 2018ರಲ್ಲಿ ಜೆಟ್ಸ್‌ನಲ್ಲಿ ಸ್ಯಾಮ್ ಡಾರ್ನಾಲ್ಡ್ ಎಂಬ ಹೊಸ ಹುಡುಗನಿಗೆ ಬದಲಿಯಾಗಿದ್ದರು. ಡಾರ್ನಾಲ್ಡ್ ಅಲ್ಲಿ ನೆಲೆಗಾಣದೆ ತಾವೂ ಅಲೆಯತೊಡಗಿದರು. 2024ರಲ್ಲಿ ಮಿನ್ನೆಸೋಟಾದಲ್ಲಿ ಇಬ್ಬರೂ ಮತ್ತೆ ಕೂಡಿದರು, ಈ ಬಾರಿ ಮೆಕೌನ್ ಕ್ವಾರ್ಟರ್‌ಬ್ಯಾಕ್ ಕೋಚ್. ಆ ವರ್ಷ ಅವರ ತಂಡ 17ರಲ್ಲಿ 14 ಪಂದ್ಯ ಗೆದ್ದಿತು. ಫಿಟ್ಜ್‌ಪ್ಯಾಟ್ರಿಕ್ ಆ ದಾರಿ ಹಿಡಿಯಲಿಲ್ಲ. 2022ರಲ್ಲಿ ನಿವೃತ್ತರಾಗಿ ಅಮೆಜಾನ್‌ನ ಗುರುವಾರದ ಪಂದ್ಯಗಳಲ್ಲಿ ವಿಶ್ಲೇಷಕರಾದರು. ಗಡ್ಡ ಹಾಗೆಯೇ ಇದೆ.

ನೋಡಬೇಕಾದ ಪಂದ್ಯ 2020ರ ಡಿಸೆಂಬರ್ 26ರದು, ಮಯಾಮಿ ಮತ್ತು ಲಾಸ್ ವೇಗಸ್. ಕೊನೆಯ ಕಾಲು ಭಾಗದಲ್ಲಿ ಟುವಾ ಅವರನ್ನು ಹೊರಗೆ ಕರೆದು ಫಿಟ್ಜ್‌ಪ್ಯಾಟ್ರಿಕ್ ಅವರನ್ನು ಇಳಿಸುತ್ತಾರೆ. 19 ಸೆಕೆಂಡ್ ಉಳಿದಿದ್ದಾಗ ತಂಡ 25-23ರಿಂದ ಹಿಂದಿದೆ. ಎದುರಾಳಿಯೊಬ್ಬ ಇವರ ಹೆಲ್ಮೆಟ್ಟಿನ ಮುಖಕವಚ ಹಿಡಿದು ತಲೆಯನ್ನೇ ಪಕ್ಕಕ್ಕೆ ತಿರುಚುತ್ತಿರುವಾಗ, ಎತ್ತ ಹೋಗುತ್ತಿದೆಯೆಂದು ಕಾಣದೆಯೇ ಎಸೆದ ಚೆಂಡು 34 ಯಾರ್ಡ್ ಆಚೆ ಮ್ಯಾಕ್ ಹಾಲಿನ್ಸ್ ಕೈ ಸೇರುತ್ತದೆ. ಮುಖಕವಚ ಹಿಡಿದ ತಪ್ಪಿಗೆ ಇನ್ನೂ 15 ಯಾರ್ಡ್. ಒಂದು ಸೆಕೆಂಡ್ ಉಳಿದಿರುವಾಗ ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ನಡುವೆ ಒದ್ದು ಗಳಿಸುವ ಮೂರು ಅಂಕ), 26-25. ಆ ಎಸೆತವನ್ನು ನಿಧಾನಗತಿಯಲ್ಲಿ ಎರಡು ಸಲ ನೋಡಿ, ಕತ್ತು ಯಾವ ಕಡೆಗಿದೆ ಎಂಬುದನ್ನು ಗಮನಿಸಿ. ಪ್ಲೇಆಫ್‌ಗೆ ಇನ್ನೊಂದೇ ಪಂದ್ಯ ಬಾಕಿಯಿತ್ತು, ಮತ್ತೆ ಬಫಲೊ ವಿರುದ್ಧ, ಬಫಲೊದಲ್ಲಿಯೇ. ಆ ವಾರ ಫಿಟ್ಜ್‌ಪ್ಯಾಟ್ರಿಕ್‌ಗೆ ಕೋವಿಡ್ ದೃಢಪಟ್ಟು ಊರಲ್ಲೇ ಉಳಿಯಬೇಕಾಯಿತು. ಮಯಾಮಿ 56-26ರಿಂದ ಸೋತು, ಹತ್ತು ಪಂದ್ಯ ಗೆದ್ದೂ ಹೊರಬಿತ್ತು. ಮುಂದಿನ ಸೆಪ್ಟೆಂಬರಿನಲ್ಲಿ ಒಂಬತ್ತನೇ ತಂಡವಾದ ವಾಷಿಂಗ್ಟನ್ ಪರ ಮೊದಲ ಪಂದ್ಯಕ್ಕೆ ಇಳಿದರು; ಎರಡನೇ ಕಾಲು ಭಾಗದಲ್ಲಿ ಸೊಂಟದ ಕೀಲಿಗೆ ಪೆಟ್ಟಾಗಿ ಹೊರಗೆ ಬಂದರು. ಅಷ್ಟೇ, ಮತ್ತೆ ಆಡಲಿಲ್ಲ.